ಎಂಜಿಬಿ ಕಾರಿನ ಸೀಟು: ಬಿಚ್ಚಿ, ರಿಪೇರಿ ಮಾಡಿ, ಮತ್ತೆ ಭದ್ರವಾಗಿ ಕೂರಿಸುವುದು ಹೇಗೆ?

ಎಂಜಿಬಿ ಸೀಟಿನ ಬಗ್ಗೆ ನನಗೆ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಕೂತರೆ ಸೀಟು ಕುಸಿಯುತ್ತೆ, ಹೊಸ ಕವರ್ ಹಾಕಿದರೆ ಸರಿಹೋಗುತ್ತಾ? ಬ್ರೇಕ್ ಒತ್ತಿದಾಗ ಸೀಟು ಅಲುಗಾಡುತ್ತೆ, ಬೋಲ್ಟು ಬಿಗಿ ಮಾಡಿದರೆ ಸಾಕಾ? ಬೋಲ್ಟು ಸುಮ್ನೆ ತಿರುಗ್ತಾನೇ ಇದೆ, ಹೊರಗೆ ಬರ್ತಿಲ್ಲ, ಏನು ಮಾಡಲಿ? ಕೇಳುವವರಲ್ಲಿ ಹೆಚ್ಚಿನವರು ಇಂಗ್ಲೆಂಡಿನಲ್ಲೋ ಅಮೆರಿಕದಲ್ಲೋ ನೆಲೆಸಿರುವ ಕನ್ನಡಿಗರು. ಆಸೆಪಟ್ಟು ಒಂದು ಹಳೇ ಸ್ಪೋರ್ಟ್ಸ್ ಕಾರು ಕೊಂಡು ಗ್ಯಾರೇಜಿನಲ್ಲಿ ನಿಲ್ಲಿಸಿಕೊಂಡವರು. ಪ್ರತಿಯೊಬ್ಬರಿಗೂ ತುಂಡು ತುಂಡಾಗಿ ಉತ್ತರ ಕೊಡುವ ಬದಲು, ಮೊದಲಿಂದ ಕೊನೆಯವರೆಗೆ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಎಂಜಿಬಿಯನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ ಈ ಕಾರು 5 ಲಕ್ಷಕ್ಕೂ ಜಾಸ್ತಿ ತಯಾರಾಯಿತು. ಅದರಲ್ಲಿ ದೊಡ್ಡ ಪಾಲು ಅಮೆರಿಕಕ್ಕೆ ಹೋಯಿತು. ಹಾಗಾಗಿ ಬಿಡಿಭಾಗ ಇವತ್ತಿಗೂ ಸಿಗುತ್ತವೆ. ಮನೆಯಲ್ಲೇ ಕೆಲಸ ಕಲಿಯಲು ಇಷ್ಟು ಅನುಕೂಲದ ಹಳೇ ಕಾರು ಸಿಗೋದು ಕಷ್ಟ. ನಿಮ್ಮದು ಅದೇ ಕಾಲದ ಬೇರೆ ಬ್ರಿಟಿಷ್ ಕಾರಾದರೂ ಕೆಲಸದ ಕ್ರಮ ಇದೇ. ಅಳತೆಗಳು ಮಾತ್ರ ಬೇರೆ ಇರುತ್ತವೆ.

ಬ್ರಿಟನ್ನಿನಲ್ಲಿ ಇರುವವರಿಗೆ ಒಂದು ಮಾತು. 40 ವರ್ಷ ದಾಟಿದ, ಹೆಚ್ಚು ಬದಲಾವಣೆ ಮಾಡದ ಕಾರುಗಳಿಗೆ ಅಲ್ಲಿ 2018ರ ಮೇ ತಿಂಗಳಿಂದ ಎಂಒಟಿ ಪರೀಕ್ಷೆ ಕಡ್ಡಾಯವಲ್ಲ. ಎಂಒಟಿ ಅಂದರೆ ಪ್ರತಿ ವರ್ಷ ಕಾರು ರಸ್ತೆಗೆ ಯೋಗ್ಯವಾಗಿದೆಯಾ ಎಂದು ನೋಡುವ ತಪಾಸಣೆ. ಎಂಜಿಬಿಗಳ ವಯಸ್ಸು ಈಗ 40 ದಾಟಿದೆ. ಅಂದರೆ ನಿಮ್ಮ ಸೀಟು ನೆಲಕ್ಕೆ ಗಟ್ಟಿಯಾಗಿ ಕೂತಿದೆಯಾ ಅಂತ ಬೇರೆ ಯಾರೂ ನೋಡುವುದಿಲ್ಲ. ನೀವೇ ನೋಡಬೇಕು.

ಇನ್ನೊಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಸೀಟಿನ ಕೆಲಸ ಕೆಳಗಿನಿಂದ ಮೇಲಕ್ಕೆ ನಡೆಯಬೇಕು. ಮೊದಲು ನೆಲ, ಆಮೇಲೆ ರನ್ನರ್ (ಸೀಟು ಹಿಂದೆ ಮುಂದೆ ಸರಿಯುವ ಹಳಿ), ಆಮೇಲೆ ಫ್ರೇಮು, ಅದರ ಮೇಲೆ ರಬ್ಬರ್ ಹಾಳೆ ಅಥವಾ ಪಟ್ಟಿ, ಫೋಮು, ಕೊನೆಗೆ ಕವರ್. ಹೆಚ್ಚಿನವರು ಇದನ್ನು ತಲೆಕೆಳಗು ಮಾಡುತ್ತಾರೆ. ಕಣ್ಣಿಗೆ ಕಾಣುವುದು ಹರಿದ ಕವರ್, ಅದಕ್ಕೇ ಮೊದಲು ದುಡ್ಡು ಸುರಿಯುತ್ತಾರೆ. ಕವರ್ ಬಂದ ಮೇಲೆ ಫೋಮು ಪುಡಿಯಾಗಿರುವುದು ಗೊತ್ತಾಗುತ್ತದೆ. ಫೋಮು ಬಂದ ಮೇಲೆ ಫ್ರೇಮು ಸೀಳಿರುವುದು ಗೊತ್ತಾಗುತ್ತದೆ. ಎಲ್ಲ ಮುಗಿಸಿ ಕೂರಿಸಲು ಹೋದರೆ ಬೋಲ್ಟು ಹಿಡಿಯಲು ನೆಲವೇ ಇರುವುದಿಲ್ಲ. ದಯವಿಟ್ಟು ಸೀಟು ಬಿಚ್ಚಿ ಎಲ್ಲವನ್ನೂ ನೋಡುವ ತನಕ ಏನನ್ನೂ ಆರ್ಡರ್ ಮಾಡಬೇಡಿ.

ಏನೇನು ಬೇಕು

ಇಂಚಿನ ಅಳತೆಯ ಸ್ಪ್ಯಾನರ್ ಮತ್ತು ಸಾಕೆಟ್ ಸೆಟ್ಟು ಮೊದಲು ಬೇಕು. ಈ ಕಾರಿನ ಹೆಚ್ಚಿನ ಬೋಲ್ಟುಗಳು ಯುಎನ್‌ಎಫ್ ಎಂಬ ಜಾತಿಯವು. ಹಾಗೆಂದರೆ ಇಂಚಿನ ಲೆಕ್ಕದ, ಹತ್ತಿರ ಹತ್ತಿರ ಇರುವ ಸಣ್ಣ ಥ್ರೆಡ್. ಥ್ರೆಡ್ ಅಂದರೆ ಬೋಲ್ಟಿನ ಮೈಮೇಲೆ, ನಟ್ಟಿನ ಒಳಗೆ ಇರುವ ಸುರುಳಿ ಗೆರೆ. ಇದರಲ್ಲಿ ಎಷ್ಟೋ ಜನ ಎಡವುತ್ತಾರೆ, ಸ್ವಲ್ಪ ವಿವರಿಸುತ್ತೇನೆ. ಈ ಕಾರಿನಲ್ಲಿ ತುಂಬ ಕಡೆ ಬರುವ 5/16 ಇಂಚಿನ ಬೋಲ್ಟಿನ ದಪ್ಪ 7.94 ಮಿ.ಮೀ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಎಂ8 ಬೋಲ್ಟಿನ ದಪ್ಪ 8 ಮಿ.ಮೀ. ಕೈಯಲ್ಲಿ ಹಿಡಿದರೆ ವ್ಯತ್ಯಾಸವೇ ತಿಳಿಯದು. ಆದರೆ ಮೊದಲನೆಯದರಲ್ಲಿ ಒಂದು ಸುತ್ತಿನಿಂದ ಇನ್ನೊಂದು ಸುತ್ತಿಗೆ ಸುಮಾರು 1.06 ಮಿ.ಮೀ. ಅಂತರ, ಎಂ8ರಲ್ಲಿ 1.25 ಮಿ.ಮೀ. ಎಂ8 ಬೋಲ್ಟು ಒಂದೆರಡು ಸುತ್ತು ಒಳಗೆ ಹೋಗಿ ಬಿಗಿಯಾಗುತ್ತದೆ. ತುಕ್ಕು ಇರಬೇಕು ಅಂದುಕೊಂಡು ಬಲವಾಗಿ ತಿರುಗಿಸಿದರೆ ನಟ್ಟಿನ ಥ್ರೆಡ್ ಹಾಳಾಗುತ್ತದೆ. ಸ್ಪ್ಯಾನರಿನದೂ ಅದೇ ಕಥೆ. 5/16 ಬೋಲ್ಟಿಗೆ ಸರಿಯಾದ ಅರ್ಧ ಇಂಚಿನ ಸ್ಪ್ಯಾನರ್ 12.7 ಮಿ.ಮೀ. ಇರುತ್ತದೆ. 13ರದ್ದು ಹಾಕಿದರೆ ತುಸು ಸಡಿಲ ಕೂರುತ್ತದೆ. ತುಕ್ಕು ಹಿಡಿದ ಬೋಲ್ಟಿನ ಮೂಲೆಗಳು ಸವೆದು ತಲೆ ದುಂಡಗಾಗಲು ಅಷ್ಟು ಸಾಕು.

ಉಳಿದವು ಇವು. ತುಕ್ಕಿನ ಸಂದಿಗೆ ಇಳಿಯುವ ತೆಳು ಎಣ್ಣೆ, ಅಂದರೆ ಪೆನಿಟ್ರೇಟಿಂಗ್ ಆಯಿಲ್. ವೈರ್ ಬ್ರಶ್ಶು. ಥ್ರೆಡ್ ಶುದ್ಧ ಮಾಡಲು ಅದೇ ಅಳತೆಯ ಯುಎನ್‌ಎಫ್ ಟ್ಯಾಪ್, ಅಂದರೆ ನಟ್ಟಿನೊಳಗೆ ತಿರುಗಿಸುವ ಹಲ್ಲಿನ ಕಡ್ಡಿ. ಚಪ್ಪಟೆ ಸ್ಕ್ರೂಡ್ರೈವರ್, ಇಕ್ಕಳ, ಒಳ್ಳೆ ಕತ್ತರಿ. ಕಾಂಟ್ಯಾಕ್ಟ್ ಅಂಟು, ಅಂದರೆ ಎರಡೂ ಕಡೆ ಬಳಿದು ಸ್ವಲ್ಪ ಆರಿದ ಮೇಲೆ ಒತ್ತಿ ಕೂರಿಸುವ ಅಂಟು. ತುಕ್ಕು ತಡೆಯುವ ಪ್ರೈಮರ್, ಬಣ್ಣ. ಕಣ್ಣಿಗೆ ಕನ್ನಡಕ, ಕೈಗೆ ದಪ್ಪ ಗ್ಲೌಸು. ಕಾರಿನ ಕೆಳಗೆ ಹೋಗಲೇಬೇಕಾದ್ದರಿಂದ ಗಟ್ಟಿ ಸ್ಟ್ಯಾಂಡುಗಳು. ಬರೀ ಜ್ಯಾಕ್ ನಂಬಿ ಕಾರಿನ ಕೆಳಗೆ ಹೋಗಬೇಡಿ. ಎರಡೇ ನಿಮಿಷದ ಕೆಲಸ ಇದ್ದರೂ ಬೇಡ.

ಹಂತ 1: ಕೆಳಗಿನಿಂದ ಎಣ್ಣೆ ಹಾಕಿ, ಬೋಲ್ಟು ಬಿಚ್ಚುವುದು

ಕೆಲಸ ಮಾಡುವ ಹಿಂದಿನ ದಿನವೇ ಇದನ್ನು ಶುರು ಮಾಡಿ. ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ನೆಲದ ತಗಡಿಗೆ ಜ್ಯಾಕ್ ಕೊಡಬೇಡಿ, ತಗಡು ಒಳಕ್ಕೆ ತಗ್ಗುತ್ತದೆ. ಕೆಳಗೆ ಹೋಗಿ ಟಾರ್ಚು ಹಿಡಿದು ನೋಡಿ. ಸೀಟಿನ ಬೋಲ್ಟಿನ ತುದಿ ನೆಲ ದಾಟಿ ಸ್ವಲ್ಪ ಹೊರಗೆ ಬಂದಿರುತ್ತದೆ. ಎಷ್ಟೋ ಮಳೆಗಾಲದ ನೀರು, ರಸ್ತೆಗೆ ಎರಚುವ ಉಪ್ಪು ತಿಂದು ಅದು ಕಂದು ಬಣ್ಣದ ಮೊಳೆಯಾಗಿರುತ್ತದೆ. ಥ್ರೆಡ್ ಇತ್ತು ಅನ್ನುವುದೇ ಕಾಣುವುದಿಲ್ಲ.

ಬೋಲ್ಟು ಬಿಚ್ಚುವುದು ಅಂದರೆ ಈ ತುಕ್ಕಿನ ತುದಿಯನ್ನು ನಟ್ಟಿನ ಒಳಗಿನಿಂದ ಮೇಲಕ್ಕೆ ಎಳೆಯುವುದು. ತುಕ್ಕು ಹಾಗೇ ಇದ್ದರೆ ಅದು ನಟ್ಟಿನೊಳಗೆ ಸಿಕ್ಕಿಕೊಂಡು, ನಟ್ಟನ್ನೇ ನೆಲದಿಂದ ಕಿತ್ತುಬಿಡುತ್ತದೆ. ಇಲ್ಲಿ ಇರುವುದು ಕ್ಯಾಪ್ಟಿವ್ ನಟ್ಟು. ತಗಡಿಗೆ ಮೊದಲೇ ಭದ್ರವಾಗಿ ಕೂಡಿಸಿಟ್ಟ ನಟ್ಟು ಅದು, ಸ್ಪ್ಯಾನರ್ ಹಾಕಿ ಹಿಡಿದುಕೊಳ್ಳಲು ಬರುವುದಿಲ್ಲ. ಅದು ಬಿಟ್ಟುಕೊಂಡರೆ ಬೋಲ್ಟು ಸುಮ್ಮನೆ ತಿರುಗುತ್ತಲೇ ಇರುತ್ತದೆ. "ಬೋಲ್ಟು ಬರ್ತಿಲ್ಲ" ಅನ್ನುವ ಪ್ರಶ್ನೆ ಹುಟ್ಟುವುದು ಇಲ್ಲೇ.

ಅದಕ್ಕೇ ಮೊದಲು ವೈರ್ ಬ್ರಶ್ಶಿನಿಂದ ಹೊರಗೆ ಕಾಣುವ ತುದಿಯನ್ನು ಥ್ರೆಡ್ ಕಾಣುವವರೆಗೂ ಉಜ್ಜಿ. ಎಣ್ಣೆ ಹಾಕಿ, ರಾತ್ರಿಯಿಡೀ ಬಿಡಿ. ಮರುದಿನ ಮತ್ತೆ ಒಮ್ಮೆ ಹಾಕಿ. ಈಗ ಒಳಗೆ ಬನ್ನಿ. ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಮುಂದಿನ ಬೋಲ್ಟು ಕಾಣುತ್ತದೆ. ಪೂರ್ತಿ ಮುಂದಕ್ಕೆ ಸರಿಸಿ, ಹಿಂದಿನದು ಕಾಣುತ್ತದೆ. ಬೋಲ್ಟನ್ನು ಮೊದಲು ಒಂದಿಷ್ಟು ಬಿಗಿಯ ಕಡೆಗೇ ತಿರುಗಿಸಿ. ಟಕ್ ಎಂದು ಹಿಡಿತ ಬಿಟ್ಟ ಮೇಲೆ ಸಡಿಲದ ಕಡೆಗೆ ಕಾಲು ಸುತ್ತು, ಮತ್ತೆ ಬಿಗಿಯ ಕಡೆಗೆ ಸ್ವಲ್ಪ. ಹೀಗೆ ಹಿಂದೆ ಮುಂದೆ ಆಡಿಸುತ್ತಾ ತೆಗೆಯಿರಿ. ಇಲ್ಲಿ ಅವಸರ ಮಾಡಿದರೆ ಆಮೇಲೆ ವೆಲ್ಡಿಂಗ್ ಮಾಡಬೇಕಾಗುತ್ತದೆ.

ನಟ್ಟು ಆಗಲೇ ಕಿತ್ತುಬಂದು ತಿರುಗುತ್ತಿದ್ದರೆ, ಕೆಳಗಿನಿಂದ ಲಾಕ್ ಆಗುವ ಇಕ್ಕಳದಲ್ಲಿ ಅದನ್ನು ಹಿಡಿಯಲು ಇನ್ನೊಬ್ಬರನ್ನು ಕರೆಯಿರಿ. ಹಿಡಿತಕ್ಕೆ ಸಿಗದಿದ್ದರೆ ಬೋಲ್ಟಿನ ತಲೆಯನ್ನು ಕತ್ತರಿಸುವುದೇ ದಾರಿ. ಗ್ರೈಂಡರ್ ಬಳಸುವಾಗ ಕಿಡಿ ಕಾರ್ಪೆಟ್ಟಿಗೆ ಬೀಳದಂತೆ ಒದ್ದೆ ಬಟ್ಟೆ ಮುಚ್ಚಿ. ಪಕ್ಕದಲ್ಲಿ ನೀರು ಅಥವಾ ಬೆಂಕಿ ಆರಿಸುವ ಸಿಲಿಂಡರ್ ಇರಲಿ.

ಸೀಟು ಎತ್ತುವ ಮುಂಚೆ ಕೆಳಗೆ ಕೈ ಹಾಕಿ ವೈರು ಇದೆಯಾ ನೋಡಿ. ಅಮೆರಿಕಕ್ಕೆ ಹೋದ 1970ರ ದಶಕದ ಕಾರುಗಳಲ್ಲಿ ಬೆಲ್ಟು ಹಾಕದಿದ್ದರೆ ಎಚ್ಚರಿಸುವ ಸ್ವಿಚ್ಚಿನ ವೈರು ಸೀಟಿನ ಕೆಳಗೆ ಇರುತ್ತದೆ. ಅದನ್ನು ಗಮನಿಸದೆ ಸೀಟು ಎತ್ತಿದರೆ ವೈರು ಕಿತ್ತುಬರುತ್ತದೆ. 1974ರ ಮಾದರಿಯಾದರೆ ಇನ್ನೂ ಜೋಪಾನ. ಆ ವರ್ಷ ಅಮೆರಿಕದ ಕಾನೂನಿನ ಪ್ರಕಾರ ಬೆಲ್ಟು ಹಾಕದಿದ್ದರೆ ಕಾರು ಸ್ಟಾರ್ಟೇ ಆಗದ ಏರ್ಪಾಡು ಇತ್ತು.

ಸೀಟು ಎತ್ತಿದಾಗ ರನ್ನರಿನ ಕೆಳಗೆ ಮರದ ಪಟ್ಟಿಗಳು, ಬೋಲ್ಟಿನ ಸುತ್ತ ಸಣ್ಣ ಉಕ್ಕಿನ ಬಳೆಗಳು ಸಿಗುತ್ತವೆ. ಈ ಬಳೆಗಳಿಗೆ ಸ್ಪೇಸರ್ ಅಂತಾರೆ. ಯಾವುದನ್ನೂ ಎಸೆಯಬೇಡಿ. ಎಡ, ಬಲ, ಮುಂದೆ, ಹಿಂದೆ ಎಂದು ಬರೆದು ಬೇರೆ ಬೇರೆ ಡಬ್ಬಿಯಲ್ಲಿ ಹಾಕಿ. ಫೋಟೋ ತೆಗೆದುಕೊಳ್ಳಿ.

ಹಂತ 2: ನೆಲ ನೋಡುವುದು

ಈಗ ಕಾರ್ಪೆಟ್ಟು, ಅದರ ಕೆಳಗಿನ ಮಂದ ಬಟ್ಟೆ ಎರಡನ್ನೂ ತೆಗೆಯಿರಿ. ಬಟ್ಟೆಯ ಟಾಪು ಇರುವ ರೋಡ್‌ಸ್ಟರ್ ಮಾದರಿಯಲ್ಲಿ ನೀರು ಒಳಗೆ ಬರುವುದು ಸಾಮಾನ್ಯ. ಮೇಲೆ ಒಣಗಿದ ಹಾಗೆ ಕಂಡರೂ ಕೆಳಗಿನ ಮಂದ ಬಟ್ಟೆ ನೀರು ಹೀರಿ ವಾರಗಟ್ಟಲೆ ಹಸಿಯಾಗೇ ಇರುತ್ತದೆ. ತಗಡು ಕೊಳೆಯುವುದು ಅಲ್ಲೇ.

ದಪ್ಪ ಸ್ಕ್ರೂಡ್ರೈವರ್ ತೆಗೆದುಕೊಂಡು ಬೋಲ್ಟು ತೂತುಗಳ ಸುತ್ತ, ಅಂಚುಗಳಲ್ಲಿ, ನಡುವಿನ ಸುರಂಗದ ಬುಡದಲ್ಲಿ ಚುಚ್ಚಿ ನೋಡಿ. ಸುರಂಗ ಅಂದರೆ ಗೇರ್ ಬಾಕ್ಸಿನ ಮೇಲೆ ಉಬ್ಬಿಕೊಂಡಿರುವ ಭಾಗ. ಗಟ್ಟಿ ತಗಡು ಠಣ್ ಎನ್ನುತ್ತದೆ. ಕೊಳೆತದ್ದು ಮೆತ್ತಗೆ ಸದ್ದು ಮಾಡಿ ತೂತಾಗುತ್ತದೆ. ತೂತಾದರೆ ಬೇಜಾರು ಮಾಡಿಕೊಳ್ಳಬೇಡಿ, ತೂತು ಮೊದಲೇ ಇತ್ತು, ಬಣ್ಣ ಅದನ್ನು ಮುಚ್ಚಿತ್ತು ಅಷ್ಟೇ.

ಎಂಜಿಬಿಗೆ ಪ್ರತ್ಯೇಕವಾದ ಚಾಸಿ, ಅಂದರೆ ಕೆಳಗಿನ ಉಕ್ಕಿನ ಚೌಕಟ್ಟು, ಇಲ್ಲ. ನೆಲ, ಬದಿಯ ಸಿಲ್‌ಗಳು (ಬಾಗಿಲ ಕೆಳಗಿನ ಉದ್ದ ಭಾಗ), ಅಡ್ಡ ತೊಲೆ ಎಲ್ಲ ಸೇರಿಯೇ ಕಾರಿನ ಬಲ. ಆದ್ದರಿಂದ ಬೋಲ್ಟಿನ ಸುತ್ತ ತುಕ್ಕು ತಿಂದ ನೆಲಕ್ಕೆ ಫೈಬರ್ ಗ್ಲಾಸ್ ಮೆತ್ತುವುದು, ಪುಟ್ಟಿ ತುಂಬುವುದು, ರಿವೆಟ್ ಹೊಡೆದು ತಗಡು ಮುಚ್ಚುವುದು ಯಾವುದೂ ರಿಪೇರಿಯಲ್ಲ. ಕೊಳೆತದ್ದನ್ನು ಕತ್ತರಿಸಿ ತೆಗೆದು, ಗಟ್ಟಿ ತಗಡಿಗೆ ಹೊಸ ತಗಡು ವೆಲ್ಡ್ ಮಾಡಬೇಕು. ವೆಲ್ಡಿಂಗ್ ನಿಮಗೆ ಗೊತ್ತಿಲ್ಲದಿದ್ದರೆ ಟಿಂಕರಿಂಗ್ ಚೆನ್ನಾಗಿ ಬಲ್ಲವರಿಗೆ ಕೊಡಿ. ಇಡೀ ಸೀಟಿನ ಕೆಲಸದಲ್ಲಿ ದುಡ್ಡು ಕೊಟ್ಟು ಮಾಡಿಸುವುದು ಒಂದೇ ಇದ್ದರೆ ಅದು ಇದಾಗಲಿ. ಮುಂಚೆ ಬ್ಯಾಟರಿ ಬಿಚ್ಚಿ. ಅದು ಸೀಟುಗಳ ಹಿಂದಿನ ಮುಚ್ಚಳದ ಕೆಳಗಿರುತ್ತದೆ. 1974ಕ್ಕಿಂತ ಹಳೆಯ ಕಾರುಗಳಲ್ಲಿ 6 ವೋಲ್ಟಿನ ಎರಡು ಬ್ಯಾಟರಿ ಇರುತ್ತವೆ. ಕಾರಿನ ಕೆಳಗೆ ಪೆಟ್ರೋಲ್ ಪೈಪು, ಬ್ರೇಕ್ ಪೈಪು, ಬ್ಯಾಟರಿ ಕೇಬಲ್ ಎಲ್ಲಿ ಹಾದುಹೋಗಿವೆ ಎಂದು ನೋಡಿಕೊಳ್ಳದೆ ವೆಲ್ಡಿಂಗೂ ಬೇಡ, ಡ್ರಿಲ್ಲೂ ಬೇಡ.

ತಗಡು ಚೆನ್ನಾಗಿದ್ದು ನಟ್ಟು ಮಾತ್ರ ಕಿತ್ತುಬಂದಿದ್ದರೆ ಅದೇ ಅಳತೆಯ ಹೊಸ ನಟ್ಟನ್ನು ಕೆಳಗಿನಿಂದ ವೆಲ್ಡ್ ಮಾಡಿಸಿ. ವೆಲ್ಡ್ ಮಾಡುವಾಗ ಬೋಲ್ಟು ಹಾಕಿ ನೇರ ಹಿಡಿಯಬೇಕು, ಇಲ್ಲದಿದ್ದರೆ ನಟ್ಟು ಓರೆ ಕೂರುತ್ತದೆ. ನಟ್ಟು ಉಳಿದಿದ್ದರೆ ಟ್ಯಾಪ್ ಹಾಕಿ ಥ್ರೆಡ್ ಶುದ್ಧ ಮಾಡಿ. ಬೋಲ್ಟು ಕೈಯಲ್ಲೇ ತಿರುಗಿಸಿದರೆ ಕೊನೆತನಕ ಹೋಗಬೇಕು.

ಹಂತ 3: ಸೀಟಿನ ಕವರ್ ಬಿಚ್ಚುವುದು

ಸೀಟನ್ನು ಮೇಜಿನ ಮೇಲೆ ಹಳೇ ಹೊದಿಕೆ ಹಾಸಿ ತಲೆಕೆಳಗಾಗಿ ಇಡಿ. ಫ್ರೇಮಿನ ಅಂಚಿಗೆ ಕವರನ್ನು ಹಿಡಿದಿರುವ ಸಣ್ಣ ಸ್ಪ್ರಿಂಗ್ ಕ್ಲಿಪ್ಪುಗಳನ್ನು ಸ್ಕ್ರೂಡ್ರೈವರಿನಿಂದ ಮೀಟಿ ತೆಗೆಯಿರಿ. ಕೆಲವೆಡೆ ಅಂಟು ಹಾಕಿರುತ್ತದೆ, ನಿಧಾನ ಎಳೆಯಿರಿ. ಕವರ್ ಎಷ್ಟೇ ಹರಿದಿದ್ದರೂ ಕತ್ತರಿಸಿ ಎಸೆಯಬೇಡಿ. ಹೊಸದನ್ನು ಕೂರಿಸುವಾಗ ಯಾವ ಹೊಲಿಗೆ ಎಲ್ಲಿ ಬರಬೇಕು ಎಂದು ಹೇಳುವುದು ಅದೊಂದೇ.

ಇಲ್ಲೇ ನಿಮ್ಮ ಸೀಟು ಯಾವ ಕಾಲದ್ದು ಎಂದು ಖಚಿತ ಮಾಡಿಕೊಳ್ಳಿ. ಶುರುವಿನ ಕಾರುಗಳಲ್ಲಿ ಚರ್ಮದ ಸೀಟು. 1970ರ ಹೊತ್ತಿಗೆ ವಿನೈಲ್ ಬಂತು, ನಮ್ಮಲ್ಲಿ ರೆಕ್ಸಿನ್ ಅಂತೀವಲ್ಲ, ಅದೇ ಜಾತಿ. ಬ್ರಿಟನ್ನಿನ ಕೊನೆಯ ವರ್ಷಗಳ ಕಾರುಗಳಲ್ಲಿ ಪಟ್ಟೆ ಪಟ್ಟೆಯ ಬಟ್ಟೆಯೂ ಇತ್ತು. ಅಮೆರಿಕದಲ್ಲಿ 1969ರ ಜನವರಿಯಿಂದ ತಲೆಯಾನಿಕೆ, ಅಂದರೆ ಹೆಡ್‌ರೆಸ್ಟ್ ಕಡ್ಡಾಯವಾಯಿತು. ಅಲ್ಲಿನ ಸೀಟಿನ ಬೆನ್ನಿನ ಕವರಿಗೆ ಅದಕ್ಕೆ ತಕ್ಕ ತೂತು ಇರಬೇಕು. ಇನ್ನೊಂದು ವಿಷಯ. ಇಷ್ಟು ವರ್ಷದಲ್ಲಿ ಯಾರೋ ಬೇರೆ ವರ್ಷದ ಸೀಟು ತಂದು ಹಾಕಿರುವುದು ತುಂಬ ಮಾಮೂಲು. ಕಾರಿನ ವರ್ಷ ನೋಡಿ ಕವರ್ ತರಿಸಬೇಡಿ, ಸೀಟನ್ನು ನೋಡಿ ತರಿಸಿ.

ಹಂತ 4: ಫ್ರೇಮು, ರನ್ನರ್

ಫ್ರೇಮನ್ನು ವೈರ್ ಬ್ರಶ್ಶಿನಿಂದ ಉಜ್ಜಿ, ಬೆಳಕಿನಲ್ಲಿ ನೋಡಿ. ಸೀಳು ಹೆಚ್ಚಾಗಿ ಬರುವುದು ಬೆನ್ನು ಮತ್ತು ಕೂರುವ ಭಾಗ ಸೇರುವ ಜಾಗದಲ್ಲಿ, ರಿಕ್ಲೈನರಿನ ಸುತ್ತ. ರಿಕ್ಲೈನರ್ ಅಂದರೆ ಬೆನ್ನನ್ನು ಹಿಂದಕ್ಕೆ ವಾಲಿಸುವ ಹಲ್ಲಿನ ಯಂತ್ರ. ಡ್ರೈವರ್ ಸೀಟಿನಲ್ಲಿ ಬಾಗಿಲಿನ ಕಡೆಯ ಪಕ್ಕ ಜಾಸ್ತಿ ಸವೆದಿರುತ್ತದೆ, ಹತ್ತಿ ಇಳಿಯುವ ಭಾರವೆಲ್ಲ ಅದರ ಮೇಲೇ. ಸೀಳು ಕಂಡರೆ ವೆಲ್ಡ್ ಮಾಡಿಸಿ. ಹಲ್ಲು ಸವೆದ ರಿಕ್ಲೈನರನ್ನು ಮಾತ್ರ ರಿಪೇರಿ ಮಾಡಲು ಹೋಗಬೇಡಿ, ಬದಲಿಸಿ. ಓಡಿಸುವಾಗ ಬೆನ್ನು ಹಿಂದಕ್ಕೆ ಬಿದ್ದರೆ ಸ್ಟೀರಿಂಗ್ ಕೈತಪ್ಪುತ್ತದೆ. ಅದರ ಒಳಗಿನ ಸ್ಪ್ರಿಂಗ್ ಬಿಗಿಯಾಗಿರುತ್ತದೆ, ಬಿಚ್ಚುವಾಗ ಮುಖ ದೂರ ಇಡಿ.

ಇನ್ನು ರನ್ನರ್. ಹಳೇ ಗ್ರೀಸು, ಮಣ್ಣು, ನಾಣ್ಯ, ಕೂದಲು ಎಲ್ಲ ತೆಗೆದು ಸೀಮೆಎಣ್ಣೆಯಲ್ಲಿ ತೊಳೆಯಿರಿ. ತೆಳುವಾಗಿ ಗ್ರೀಸು ಹಚ್ಚಿ. ಜಾಸ್ತಿ ಹಚ್ಚಿದರೆ ಧೂಳು ಹಿಡಿದು ಮತ್ತೆ ಜಾಮ್ ಆಗುತ್ತದೆ. ಲಿವರ್ ಬಿಟ್ಟ ಕೂಡಲೇ ಲಾಕಿನ ಹಲ್ಲು ಪೂರ್ತಿ ಗುಂಡಿಗೆ ಇಳಿಯಬೇಕು. ಅರ್ಧ ಇಳಿದು ನಿಂತರೆ ಲಾಕಿನ ಸ್ಪ್ರಿಂಗ್ ಸೋತಿದೆ ಎಂದರ್ಥ. ಆಮೇಲೆ ಫ್ರೇಮಿಗೆ ಪ್ರೈಮರ್, ಬಣ್ಣ ಬಳಿಯಿರಿ. ಪೂರ್ತಿ ಒಣಗಲಿ.

ಹಂತ 5: ರಬ್ಬರ್ ಹಾಳೆ ಅಥವಾ ಪಟ್ಟಿ

ಸೀಟು ಕುಸಿಯಲು ಕಾರಣ ಹತ್ತರಲ್ಲಿ ಒಂಬತ್ತು ಸಲ ಇಲ್ಲಿದೆ, ಮೇಲಿನ ಕವರಿನಲ್ಲಿ ಇರುವುದಿಲ್ಲ. ಎಂಜಿಬಿಯ ಕೂರುವ ಭಾಗದಲ್ಲಿ ಕಾಯಿಲ್ ಸ್ಪ್ರಿಂಗ್ ಇಲ್ಲ. ನಿಮ್ಮ ಭಾರ ಹೊರುವುದು ಒಂದು ರಬ್ಬರ್ ಹಾಳೆ ಅಥವಾ ರಬ್ಬರ್ ಸೇರಿಸಿ ನೇಯ್ದ ಪಟ್ಟಿಗಳು. ಹಾಳೆಗೆ ಡಯಾಫ್ರಾಮ್ ಅಂತಲೂ, ಪಟ್ಟಿಗಳಿಗೆ ವೆಬ್ಬಿಂಗ್ ಅಂತಲೂ ಹೆಸರು.

ಹಾಳೆಯ ಅಂಚಿನ ತೂತುಗಳನ್ನು ನೋಡಿ. ತಂತಿ ಕೊಕ್ಕೆ ಹಾದುಹೋಗುವ ತೂತು ಉದ್ದುದ್ದ ಎಳೆದುಕೊಂಡಿದ್ದರೆ, ಸುತ್ತ ಕೂದಲೆಳೆಯಂಥ ಬಿರುಕು ಇದ್ದರೆ ಅದರ ಆಯಸ್ಸು ಮುಗಿದಿದೆ. ಒಂದೇ ತೂತು ಹರಿದಿದೆ, ಅಲ್ಲೊಂದು ವಾಷರ್ ಹಾಕಿ ತಂತಿ ಕಟ್ಟಿದರೆ ಸಾಕಲ್ವಾ ಎಂದು ಕೇಳುತ್ತಾರೆ. ಸಾಲದು. ಒಂದು ಕಡೆ ಬಿಟ್ಟುಕೊಂಡಾಗ ಪಕ್ಕದ ಎರಡು ತೂತಿಗೆ ಭಾರ ಬೀಳುತ್ತದೆ, ಅವೂ ಬೇಗ ಹರಿಯುತ್ತವೆ.

ಹೊಸ ಹಾಳೆ ತುಂಬ ಬಿಗಿ ಇರುತ್ತದೆ. ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಮೆತ್ತಗಾಗುತ್ತದೆ. ಒರೆಸಿ, ಮೊದಲು ಒಂದು ಮೂಲೆಗೆ ಕೊಕ್ಕೆ ಹಾಕಿ, ಆಮೇಲೆ ಅದರ ಎದುರು ಮೂಲೆ. ಹೀಗೇ ಎದುರು ಬದುರು ಹೋಗಿ. ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ಕೊನೆಯ ಕೊಕ್ಕೆಗಳು ಎಟುಕುವುದೇ ಇಲ್ಲ. ಎಳೆಯಲು ಗಟ್ಟಿ ಹುರಿಯನ್ನು ಕೊಕ್ಕೆಗೆ ಸುತ್ತಿ ಬಳಸಿ, ಬರಿಗೈ ಬೇಡ. ಕನ್ನಡಕ ಹಾಕಿಕೊಂಡೇ ಮಾಡಿ. ಜಾರಿದ ಕೊಕ್ಕೆ ನೇರ ಮುಖಕ್ಕೆ ಬರುತ್ತದೆ. ಕೊಕ್ಕೆಯ ಚೂಪು ತುದಿ ಕೆಳಮುಖವಾಗಿರಲಿ. ಮೇಲ್ಮುಖವಾದರೆ ದಿನಾ ಕೂತಂತೆಲ್ಲ ಫೋಮನ್ನು ಕೊರೆಯುತ್ತದೆ.

ಪಟ್ಟಿ ಹಾಕುವುದಾದರೆ ಅದರ ಎಳೆತವೇ ಮುಖ್ಯ. ಸುಮ್ಮನೆ ಚಾಚಿ ಸಿಕ್ಕಿಸಿದರೆ ಕೂತ ಮೊದಲ ದಿನವೇ ಜೋತುಬೀಳುತ್ತದೆ. ಬೇಕಾದ ಉದ್ದಕ್ಕಿಂತ ಸುಮಾರು ಹತ್ತನೇ ಒಂದು ಪಾಲು ಕಡಿಮೆ ಕತ್ತರಿಸಿ, ಎಳೆದು ಸಿಕ್ಕಿಸಿ. ಎಲ್ಲ ಪಟ್ಟಿಗೂ ಒಂದೇ ಎಳೆತ ಇರಬೇಕು.

ಇದರ ಮೇಲೆ, ಫೋಮು ಇಡುವ ಮುಂಚೆ, ಗೋಣಿತಾಟಿನ ಒಂದು ತುಂಡನ್ನು ಹಾಸಿ. ರಬ್ಬರು ಫೋಮಿಗೆ ನೇರ ಉಜ್ಜಿದರೆ ಫೋಮಿನ ತಳ ಸವೆದು ಪುಡಿ ಉದುರುತ್ತದೆ. ಹಳೇ ಸೀಟಿನ ಕೆಳಗಿನ ಕಾರ್ಪೆಟ್ ಮೇಲೆ ಹಳದಿ ಹಿಟ್ಟಿನಂತೆ ಬಿದ್ದಿರುವುದು ಅದೇ.

ಹಂತ 6: ಫೋಮು

ಹಳೇ ಫೋಮನ್ನು ಹೆಬ್ಬೆರಳಿನಿಂದ ಒತ್ತಿ. ಗುಂಡಿ ಹಾಗೇ ಉಳಿದರೆ, ಅಥವಾ ಅಂಚು ಉಜ್ಜಿದಾಗ ಪುಡಿಯಾದರೆ ಬದಲಿಸಿ. ಈ ಸೀಟಿಗೆಂದೇ ಅಚ್ಚು ಹಾಕಿದ ಫೋಮು ಸಿಗುತ್ತದೆ, ಅದನ್ನೇ ತರಿಸಿ. ಹಾಸಿಗೆ ಅಂಗಡಿಯ ಫೋಮು ತಂದು ಕತ್ತರಿಸಿ ಹಾಕುವವರಿದ್ದಾರೆ. ಎರಡು ಕಾರಣಕ್ಕೆ ಬೇಡ ಅನ್ನುತ್ತೇನೆ. ಎತ್ತರ ತಪ್ಪಿದರೆ ತೊಡೆ ಸ್ಟೀರಿಂಗಿಗೆ, ಗಟ್ಟಿ ಚಾವಣಿಯ ಜಿಟಿ ಮಾದರಿಯಲ್ಲಿ ತಲೆ ಚಾವಣಿಗೆ ತಾಗುತ್ತದೆ. ಅದಕ್ಕಿಂತ ಮುಖ್ಯ, ಕಾರಿನ ಒಳಗಿನ ವಸ್ತು ಬೆಂಕಿ ಬೇಗ ಹಿಡಿಯಬಾರದು. ಅಮೆರಿಕದಲ್ಲಿ 1972ರ ಸೆಪ್ಟೆಂಬರಿನಿಂದಲೇ ಇದಕ್ಕೆ ಕಾನೂನು ಇದೆ. ವಾಹನಕ್ಕೆ ಎಂದು ಮಾಡಿದ ಫೋಮನ್ನು ಕೇಳಿ ತೆಗೆದುಕೊಳ್ಳಿ.

ಹೊಸ ಫೋಮನ್ನು ಅಂಟಿಸುವ ಮುಂಚೆ ಸೀಟಿನ ಮೇಲೆ ಸುಮ್ನೆ ಇಟ್ಟು, ಸೀಟನ್ನು ಕಾರಿನೊಳಗೆ ಇಟ್ಟು, ಕೂತು ನೋಡಿ. ಎತ್ತರ ಸರಿ ಅನ್ನಿಸಿದ ಮೇಲೆ ಅಂಚುಗಳಿಗೆ ಮಾತ್ರ ಅಂಟು ಹಾಕಿ. ಕಿಟಕಿ ಬಾಗಿಲು ತೆರೆದಿರಲಿ, ಹತ್ತಿರ ಬೆಂಕಿ, ಹೀಟರ್ ಇರಬಾರದು. ಅಂಟು ಬೆರಳಿಗೆ ಅಂಟದಷ್ಟು ಆರಿದ ಮೇಲೇ ಒತ್ತಿ. ಒಮ್ಮೆ ಹಿಡಿದರೆ ಸರಿಸಲು ಬರುವುದಿಲ್ಲ.

ಹಂತ 7: ಕವರ್ ಹಾಕುವುದು

ಊರಿಗೆ ಬಂದಾಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕವರ್ ಹೊಲಿಸಿಕೊಂಡು ಹೋಗಬಹುದಾ ಎಂದು ಕೆಲವರು ಕೇಳುತ್ತಾರೆ. ಹೊಲಿಗೆಯ ಕೈಚಳಕಕ್ಕೆ ಅಲ್ಲಿ ಕೊರತೆ ಇಲ್ಲ. ಆದರೆ ಬರೀ ಅಳತೆ, ಫೋಟೋ ತಂದರೆ ಆಗದು. ಹೊಲಿಗೆ ಬಿಚ್ಚದ ಹಳೇ ಕವರ್ ತನ್ನಿ, ಆದರೆ ಹೊಸ ಫೋಮನ್ನೂ ಜೊತೆಗೆ ತನ್ನಿ. ಎಳೆದು ಹಿಗ್ಗಿದ ಹಳೇ ಕವರಿನ ಅಳತೆಗೇ ಹೊಲಿದರೆ ಹೊಸದು ದೊಗಳೆಯಾಗುತ್ತದೆ. ಕಣ್ಣೆದುರು ಫೋಮಿಗೆ ತೊಡಿಸಿ ನೋಡಿಯೇ ದುಡ್ಡು ಕೊಡಿ.

ಹಾಕುವ ದಿನ ಬಿಸಿಲಿರಲಿ. ರೆಕ್ಸಿನ್ ಕವರನ್ನು ಸ್ವಲ್ಪ ಹೊತ್ತು ಬಿಸಿಲಿಗೆ ಹಾಕಿದರೆ ಮೆತ್ತಗಾಗಿ ಎಳೆತಕ್ಕೆ ಬಗ್ಗುತ್ತದೆ. ಚಳಿ ದೇಶದಲ್ಲಿ ಹೇರ್ ಡ್ರೈಯರ್ ಸಾಕು. ಚರ್ಮವನ್ನು ಮಾತ್ರ ಹಾಗೆ ಬಿಸಿ ಮಾಡಬೇಡಿ, ಕುಗ್ಗಿ ಬಿರುಸಾಗುತ್ತದೆ.

ಫೋಮಿನ ನಡುವಿಗೂ ಕವರಿನ ನಡುವಿಗೂ ಸೀಮೆಸುಣ್ಣದ ಗುರುತು ಹಾಕಿ. ಕೂರುವ ಭಾಗದ ಕವರನ್ನು ನಡುವಿನಿಂದ ಶುರು ಮಾಡಿ. ಒಳಗಡೆ ಹೊಲಿದ ಪಟ್ಟಿ ಫೋಮಿನ ಕಾಲುವೆಯಲ್ಲಿ ಕೂರಬೇಕು. ಅದು ಆಳಕ್ಕೆ ಇಳಿದರೇ ಸೀಟಿಗೆ ಆ ಉಬ್ಬು ತಗ್ಗಿನ ಆಕಾರ ಬರುವುದು. ಆಮೇಲೆ ಮುಂದೆ, ಹಿಂದೆ, ಕೊನೆಗೆ ಪಕ್ಕಗಳು. ಕ್ಲಿಪ್ಪುಗಳನ್ನು ಮೊದಲು ಅಲ್ಲೊಂದು ಇಲ್ಲೊಂದು ಹಾಕಿ. ಎದುರು ನಿಂತು ಹೊಲಿಗೆಯ ಗೆರೆ ನೇರ ಇದೆಯಾ ನೋಡಿ. ಓರೆ ಇದ್ದರೆ ಈಗಲೇ ಬಿಚ್ಚಿ ಸರಿಮಾಡಿ. ಎಲ್ಲ ಕ್ಲಿಪ್ಪು ಹಾಕಿದ ಮೇಲೆ ಒಂದು ಮೂಲೆ ಹಿಡಿದು ಎಳೆದರೆ ಹೊಲಿಗೆಯೇ ಬಿಚ್ಚಿಕೊಳ್ಳುತ್ತದೆ.

ಬೆನ್ನಿನ ಕವರು ದಿಂಬಿನ ಗವಸಿನಂತೆ ಮೇಲಿನಿಂದ ಇಳಿಯಬೇಕು. ಹೊಸ ಫೋಮು ಅದನ್ನು ಇಳಿಯಲು ಬಿಡುವುದಿಲ್ಲ, ಹಿಡಿದುಕೊಳ್ಳುತ್ತದೆ. ಡ್ರೈಕ್ಲೀನಿಂಗ್ ಬಟ್ಟೆಗೆ ಹಾಕಿಕೊಡುವ ತೆಳು ಪ್ಲಾಸ್ಟಿಕ್ಕನ್ನು ಫೋಮಿನ ಮೇಲೆ ಹಾಕಿ, ಸಲೀಸಾಗಿ ಜಾರುತ್ತದೆ. ಕವರ್ ಪೂರ್ತಿ ಇಳಿದ ಮೇಲೆ ಪ್ಲಾಸ್ಟಿಕ್ಕನ್ನು ಕೆಳಗಿನಿಂದ ಹರಿದು ಎಳೆದುಬಿಡಿ. ಒಳಗೇ ಉಳಿದರೆ ಅಲುಗಿದಾಗಲೆಲ್ಲ ಚರಪರ ಸದ್ದು, ಬೆವರೂ ಆರುವುದಿಲ್ಲ. ಸಣ್ಣಪುಟ್ಟ ಸುಕ್ಕು ಉಳಿದರೆ ಚಿಂತೆ ಬೇಡ, ಕೂತು ಓಡಾಡಿದ ಮೇಲೆ ಹೋಗುತ್ತದೆ.

ಹಂತ 8: ಸೀಟು ಮತ್ತೆ ಕೂರಿಸುವುದು

ಮರದ ಪಟ್ಟಿ ಕೊಳೆತಿದ್ದರೆ ಅದೇ ದಪ್ಪದ ಗಟ್ಟಿ ಮರದಲ್ಲಿ ಹೊಸದು ಮಾಡಿ. ತೂತಿನ ಒಳಭಾಗಕ್ಕೂ ಸೇರಿಸಿ ವಾರ್ನಿಶ್ ಬಳಿಯಿರಿ. ಸ್ಪೇಸರುಗಳನ್ನು ಮರೆಯಬೇಡಿ. ಬೋಲ್ಟಿನ ಬಿಗಿತವನ್ನು ಹೊರುವುದು ಅವೇ. ಅವಿಲ್ಲದೆ ಬಿಗಿ ಮಾಡಿದರೆ ಮರ ನಜ್ಜಾಗುತ್ತದೆ, ಕೆಲವೇ ದಿನದಲ್ಲಿ ಬೋಲ್ಟು ಸಡಿಲ, ಸೀಟು ಮತ್ತೆ ಅಲುಗಾಟ. "ಬೋಲ್ಟು ಬಿಗಿ ಮಾಡಿದ್ರೂ ಸೀಟು ಅಲುಗಾಡುತ್ತೆ" ಅನ್ನುವವರ ಕಾರಿನಲ್ಲಿ ಮೊದಲು ನಾನು ನೋಡಲು ಹೇಳುವುದೇ ಇದನ್ನು.

ಎತ್ತರದ ಆಳುಗಳು ಸೀಟು ತಗ್ಗಿಸಲು ಮರದ ಪಟ್ಟಿ ತೆಗೆದುಬಿಡುತ್ತಾರೆ. ತೆಗೆಯಬಹುದು, ಆದರೆ ಬೋಲ್ಟು ಗಿಡ್ಡದ್ದು ಹಾಕಬೇಕು. ಸೀಟಿನ ಬುಡ, ಲಿವರ್ ಕಾರ್ಪೆಟ್ಟಿಗೆ ಉಜ್ಜದೆ ಸರಾಗ ಓಡುತ್ತವೆಯಾ ಎಂದೂ ನೋಡಬೇಕು.

ಕಾರ್ಪೆಟ್ ಹೊಸದಾದರೆ ಅದರ ಮೇಲೆ ಡ್ರಿಲ್ ಇಡಬೇಡಿ. ಡ್ರಿಲ್ಲಿನ ತುದಿಗೆ ಒಂದು ನೂಲು ಸಿಕ್ಕಿದರೆ ಕಾರ್ಪೆಟ್ಟಿನ ಉದ್ದಕ್ಕೂ ಗೆರೆ ಕಿತ್ತುಬರುತ್ತದೆ. ಕೆಳಗಿನಿಂದ ನಟ್ಟಿನ ತೂತಿನಲ್ಲಿ ಚೂಪು ತಂತಿ ತೂರಿಸಿ ಜಾಗ ಗುರುತಿಸಿ. ಅಲ್ಲಿ ಬಿಸಿ ಸೋಲ್ಡರಿಂಗ್ ಕಡ್ಡಿಯಿಂದ ತೂತು ಮಾಡಿ. ನೈಲಾನ್ ಕಾರ್ಪೆಟ್ಟಾದರೆ ಅಂಚು ಕರಗಿ ಅಲ್ಲೇ ಸೀಲ್ ಆಗುತ್ತದೆ.

ಹೊಸ ಬೋಲ್ಟು ಹಾಕಿ, ಹಳೆಯದನ್ನು ಮತ್ತೆ ಬಳಸಬೇಡಿ. ಥ್ರೆಡ್ಡಿಗೆ ತಾಮ್ರದ ಗ್ರೀಸು ತೆಳುವಾಗಿ ಹಚ್ಚಿ. ಈಗ ಈ ಕ್ರಮ ತಪ್ಪಿಸಬೇಡಿ. ನಾಲ್ಕೂ ಬೋಲ್ಟನ್ನು ಮೊದಲು ಬರಿ ಬೆರಳಿನಿಂದಲೇ ಎರಡು ಮೂರು ಸುತ್ತು ಹಾಕಿ. ಒಂದನ್ನೂ ಬಿಗಿ ಮಾಡಬೇಡಿ. ನಾಲ್ಕೂ ಹಿಡಿದ ಮೇಲೆ ಸೀಟನ್ನು ಪೂರ್ತಿ ಹಿಂದೆ, ಪೂರ್ತಿ ಮುಂದೆ ಸರಿಸಿ. ಎರಡು ರನ್ನರೂ ಒಂದಕ್ಕೊಂದು ಸಮಾನಾಂತರವಾಗಿ ತಾವೇ ಕೂರುತ್ತವೆ. ಆಮೇಲೆ ಹಿಂದೆ ಸರಿಸಿ ಮುಂದಿನೆರಡು, ಮುಂದೆ ಸರಿಸಿ ಹಿಂದಿನೆರಡು ಬಿಗಿ ಮಾಡಿ. ಬಿಗಿಯಾದ ಮೇಲೆ ಸೀಟು ಸರಿಯಲು ಕಷ್ಟವಾದರೆ ರನ್ನರ್ ಓರೆಯಾಗಿದೆ, ಸಡಿಲಿಸಿ ಮತ್ತೆ ಕೂರಿಸಿ.

ಕಾರ್ಖಾನೆಯ ತೂತು ಬಿಟ್ಟು ಬೇರೆ ಕಡೆ ಸೀಟು ಕೂರಿಸುವವರಿಗೆ ಒಂದು ಮಾತು. ಮಾಜ್ದಾ ಎಂಎಕ್ಸ್-5 ಸೀಟನ್ನು ಎಂಜಿಬಿಗೆ ಹಾಕುವುದು ಈಗ ಬಹಳ ಕಡೆ ನಡೆಯುತ್ತದೆ. ಕೂರಲು ಹಾಯಾಗಿರುತ್ತದೆ, ನಿಜ. ಆದರೆ ಅದಕ್ಕೆ ಉಕ್ಕಿನ ಅಡಾಪ್ಟರ್ ಪಟ್ಟಿ ಬೇಕು. ಬರೀ ತಗಡಿಗೆ ತೂತು ಹೊಡೆದು ಸಣ್ಣ ವಾಷರ್ ಹಾಕಿ ಬಿಗಿದರೆ ಅಪಘಾತದ ಹೊಡೆತಕ್ಕೆ ಬೋಲ್ಟು ತಗಡನ್ನು ಹರಿದುಕೊಂಡು ಮೇಲೆ ಬರುತ್ತದೆ. ಕೆಳಗೆ ಅಗಲವಾದ, ದಪ್ಪ ಉಕ್ಕಿನ ತಟ್ಟೆ ಕೊಡಲೇಬೇಕು. ಕಾರಿನ ಹಳೇ ತೂತುಗಳನ್ನು ಮುಚ್ಚಬೇಡಿ, ಮುಂದೊಂದು ದಿನ ಮೂಲ ಸೀಟು ಹಾಕಲು ಮನಸ್ಸಾದರೆ ಬೇಕಾಗುತ್ತದೆ.

ಸೀಟು ಬೆಲ್ಟಿನ ಬೋಲ್ಟು ಬಿಚ್ಚಿದ್ದರೆ ಅದರ ಅಳತೆ ಬೇರೆ, 7/16 ಇಂಚು. ಆ ಬೋಲ್ಟನ್ನೇ ವಾಪಸ್ ಹಾಕಿ, ಸಿಕ್ಕಿದ್ದನ್ನು ತುರುಕಬೇಡಿ. ಕೆಳಗೆ ವೈರು ಇದ್ದ ಕಾರಾದರೆ ಅದನ್ನು ಸಿಕ್ಕಿಸಿ, ಸೀಟು ಸರಿದಾಗ ಹಳಿಗೆ ಸಿಗದಂತೆ ಕಟ್ಟಿ.

ಹಂತ 9: ಓಡಿಸುವ ಮುಂಚೆ

ಸೀಟಿನಲ್ಲಿ ಕೂತು, ಲಾಕ್ ಬಿದ್ದಿರುವಾಗ ಎರಡೂ ಕಾಲಿನಿಂದ ಕಾರಿನ ಮುಂಭಾಗವನ್ನು ಒತ್ತಿ ಹಿಂದಕ್ಕೆ ನೂಕಿ. ಕದಲಬಾರದು. ಬೆನ್ನಿನ ಮೇಲ್ತುದಿ ಹಿಡಿದು ಹಿಂದೆ ಮುಂದೆ ಬಲವಾಗಿ ಆಡಿಸಿ. ಟಿಕ್ ಟಿಕ್ ಎಂದರೆ ರಿಕ್ಲೈನರ್ ಅಥವಾ ರನ್ನರ್ ಎಲ್ಲೋ ಸಡಿಲ. ಎಲ್ಲ ಗುಂಡಿಯಲ್ಲೂ ಲಾಕ್ ಬೀಳುತ್ತದೆಯಾ ಎಂದು ಒಂದೊಂದಾಗಿ ನೋಡಿ. ಕ್ಲಚ್ ಪೂರ್ತಿ ಒತ್ತಿ ನೋಡಿ. ಫೋಮು ಹೊಸದಾದ್ದರಿಂದ ಮೊದಲಿಗಿಂತ ಎತ್ತರ ಕೂತಿರುತ್ತೀರಿ, ಕನ್ನಡಿಗಳನ್ನು ಮತ್ತೆ ಹೊಂದಿಸಬೇಕಾಗುತ್ತದೆ.

ಮೊದಲ ಓಡಾಟ ಹತ್ತಿರದಲ್ಲೇ, ನಿಧಾನವಾಗಿ ಇರಲಿ. ಖಾಲಿ ರಸ್ತೆಯಲ್ಲಿ ಒಂದೆರಡು ಸಲ ಜೋರಾಗಿ ಬ್ರೇಕ್ ಹಾಕಿ ನೋಡಿ. ವಾಪಸ್ ಬಂದು ನಾಲ್ಕೂ ಬೋಲ್ಟಿಗೆ ಸ್ಪ್ಯಾನರ್ ಹಾಕಿ. ಹೊಸ ಮರ, ಹೊಸ ಕಾರ್ಪೆಟ್ ಒತ್ತಿಕೊಂಡು ಸ್ವಲ್ಪ ತಗ್ಗುವುದರಿಂದ ಅವು ತುಸು ತಿರುಗುತ್ತವೆ. ಒಂದು ತಿಂಗಳಾದ ಮೇಲೆ ಇನ್ನೊಮ್ಮೆ ನೋಡಿ. ಮಳೆಯಲ್ಲಿ ಓಡಿಸಿ ಬಂದ ದಿನ ಸೀಟು ಮುಂದೆ ಸರಿಸಿ, ಕಾರ್ಪೆಟ್ಟಿನ ಮೂಲೆ ಎತ್ತಿ, ಕೆಳಗಿನ ಬಟ್ಟೆಯನ್ನು ಕೈಯಿಂದ ಮುಟ್ಟಿ ನೋಡಿ. ಒದ್ದೆ ಇದ್ದರೆ ಎತ್ತಿ ಒಣಗಿಸಿ, ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ.